ಪಲಾಸ್ ಕಾಡಿನಿಂದ ಬಂದ ಮಾತು

ಮಲಾಯಾ
೧೮ ಆಗಸ್ಟ್ ೧೯೪೧

ಸಾಯಬಮ್ಮಕ್ಕನವರಿಗೆ ಭಾಗಣ್ಣನ ನಮಸ್ಕಾರಗಳು.

ನಾವಿಬ್ಬರೂ ಕ್ಷೇಮವಾಗಿದ್ದೇವೆ. ಇರುವ ಊರಿನ ಹೆಸರು ಬರೆಯುವಂತಿಲ್ಲ, ಬರೆದರೆ ಮಸಿ ಬಳಿಯುತ್ತಾರೆ. ಕನ್ನಡದ ಪತ್ರ ಓದಿ ಮೊಹರು ಹಾಕಲು ಮೈಸೂರು ಕಡೆಯವರೊಬ್ಬರು ಎಲ್ಲೋ ಇದ್ದಾರಂತೆ. ಅವರ ಕೈಗೆ ಹೋಗಿ ಬರಬೇಕು. ತಡವಾದರೆ ಗಾಬರಿಯಾಗಬೇಡಿ.

ನಾನು ದಂಡಿನ ದಿನಸಿ ಇಡುವ ರಸದ್ ಗುದಾಮಿನಲ್ಲಿ ಹೆಸರು ಬರೆಯುವ ಕೆಲಸದಲ್ಲಿದ್ದೇನೆ. ನಿಮ್ಮ ತಮ್ಮ ಅಂಬ್ರಪ್ಪ ಪಲ್ಟನ್ನಿಗೆ ನೀರು ಹೊರುತ್ತಾನೆ. ಹೊಳೆಯ ದಂಡೆಯಲ್ಲಿ ಹುಟ್ಟಿ ಹರಗೋಲು ನಡೆಸಿದವನಿಗೆ ನೀರು ಹೊರುವ ಕೆಲಸವೇ ಸಿಕ್ಕಿತಲ್ಲ ಎಂದು ನಾನು ನಕ್ಕರೆ ಅವನೂ ನಗುತ್ತಾನೆ. ಈಗ ನನ್ನ ಮಗ್ಗುಲಲ್ಲೇ ಕೂತು, ನಾನು ಬರೆಯುವುದನ್ನು ನೋಡುತ್ತಿದ್ದಾನೆ. ನಿಮ್ಮ ಯಜಮಾನರಾದ ಶಾಂತಪ್ಪ ಮಾಸ್ತರರು, ಅವರ ಆತ್ಮಕ್ಕೆ ಶಾಂತಿ ಸಿಗಲಿ, ನನಗೆ ಹೊಡೆದು ಹೊಡೆದು ಅಕ್ಷರ ಕಲಿಸಿದರು. ಇವನು ಪಾಟಿ ಎಸೆದು ಹೊಳೆಗೆ ಓಡುತ್ತಿದ್ದ. "ಈಗ ನಿನ್ನ ಬಾಯಿ ನನ್ನ ಕೈಯಾಗ ಐತಿ ನೋಡಪಾ" ಅಂದೆ. "ನೆಟ್ಟಗ ಬರಿ ಮತ್ತ" ಅಂದ.

ಅವ್ವನಿಗೆ ಅವನು ಹೇಳಿದ್ದು ಇಷ್ಟು: ಊಟಕ್ಕೆ ಕೊರತೆ ಇಲ್ಲ, ರೊಟ್ಟಿ ಮಾತ್ರ ಸಿಗುವುದಿಲ್ಲ. ನಮ್ಮ ಬಿಡಾರದ ಹಿಂದೆ ಒಬ್ಬ ಮಲಾಯಿ ಮುದುಕಿಯ ಗುಡಿಸಲಿದೆ. ಇವನು ಅವಳಿಗೂ ಎರಡು ಕೊಡ ನೀರು ಹಾಕುತ್ತಾನೆ. ಆಕೆ ಅಂಟಕ್ಕಿಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ, ಪಲಾಸ್ ಎಂಬ ಎಲೆಯಲ್ಲಿ ಮೂರು ಮೂಲೆಯ ಪೊಟ್ಟಣ ಕಟ್ಟಿ, ಮತ್ತೆ ಕುದಿಸಿ ಇವನಿಗೆ ಕೊಡುತ್ತಾಳೆ. ಬಿಚ್ಚಿದರೆ ಎಲೆಯ ಗೆರೆಗಳೆಲ್ಲ ಅನ್ನದ ಮೇಲೆ ಮೂಡಿರುತ್ತವೆ.

ಯಾದಗಿರಿ ಸ್ಟೇಷನ್ನಿನಲ್ಲಿ ಲಾಲಮ್ಮತ್ತೆ ನನ್ನ ಕೈ ಹಿಡಿದು "ನನ್ನ ಮಗನ್ನ ನೀನ ಕರ್ಕೊಂಡು ಬರಬೇಕು, ನೀನ" ಎಂದದ್ದನ್ನು ನಾನು ಮರೆತಿಲ್ಲವೆಂದು ತಿಳಿಸಿರಿ.

ನಿಮ್ಮ
ಭಾಗಣ್ಣ

*

ತಿಂಥಣಿ
೫ ಅಕ್ಟೋಬರ್ ೧೯೪೧

ತಮ್ಮ ಭಾಗಣ್ಣನಿಗೆ ಸಾಯಬಮ್ಮನ ಆಶೀರ್ವಾದ.

ನಿನ್ನ ಪತ್ರ ಮಹಾನವಮಿಯ ಹೊತ್ತಿಗೆ ಬಂತು. ಅವ್ವನಿಗೆ ಮೂರು ಸಲ ಓದಿ ಹೇಳಿದೆ. ಪಲಾಸ್ ಎಂದರೆ ಯಾವ ಗಿಡವೋ ಎಂದು ಸುರಪುರದ ನನ್ನ ಗೆಳತಿ ಶರೀಫಾಬೀಯನ್ನು ಕೇಳಿದೆ. ಅವಳು ಉರ್ದು ಓದಿದವಳು. "ಅದು ಮುತ್ತಲ ಗಿಡಾನ ಬಿಡ್ರಿ, ನಮ್ಮ ಮಾತಿನಾಗ ಪಲಾಸ್ ಅಂತೀವಿ" ಅಂದಳು. ಅವ್ವನಿಗೆ ಎಷ್ಟು ಖುಷಿಯಾಯಿತೆಂದರೆ, ಅಂದು ಮುತ್ತುಗದ ಎಲೆಯಲ್ಲೇ ಉಂಡಳು. "ಅಲ್ಲಿನೂ ಮುತ್ತಲ ಗಿಡ ಅದಾವಂದ್ರ ನಮ್ಮಂಥದ ಸೀಮಿ ಅದು. ಬಿಸಲು, ಬಯಲು. ನನ್ನ ಮಗಗ ಏನೂ ಆಗಾಂಗಿಲ್ಲ" ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಾಳೆ.

ಕೆಂಭಾವಿಯಿಂದ ರಂಗಣ್ಣ ಮಾವ ಬಂದು ಹೋದ. ಮಗಳು ಮರಿಲಿಂಗಮ್ಮನನ್ನು ಅಂಬ್ರಪ್ಪನಿಗೆ ಕೊಡುವ ಮಾತು ಕೊಟ್ಟು ಎರಡು ವರ್ಷವಾಯಿತು, ಲಗ್ನ ಯಾವಾಗ ಎಂದು ಕೇಳುತ್ತಾನೆ. ಹುಡುಗಿಗೆ ಹದಿನೇಳು. ರಜೆ ಯಾವಾಗ ಸಿಗುತ್ತದೆ ಎಂದು ಅಂಬ್ರಪ್ಪನನ್ನು ಕೇಳಿ ಬರೆ.

ಹೊಳೆ ಈ ಸಲ ಮೌನೇಶ್ವರ ಗುಡಿಯ ಮೆಟ್ಟಿಲಿನವರೆಗೆ ಬಂದು ಇಳಿಯಿತು. ಮನೆ ಆರಾಮ.

ಸಾಯಬಮ್ಮ

*

ಮಲಾಯಾ
೨೦ ನವೆಂಬರ್ ೧೯೪೧

ಸಾಯಬಮ್ಮಕ್ಕನವರಿಗೆ ನಮಸ್ಕಾರಗಳು.

ಪಲಾಸ್ ಮುತ್ತುಗವಲ್ಲ ಅಕ್ಕಾ. ಹೆಸರು ಒಂದೇ ಇರಬಹುದು. ಇದು ನಮ್ಮ ತಾಳೆಯ ಜಾತಿ. ಆದರೆ ನಮ್ಮ ತಾಳೆ ಬಿಸಿಲಿನಲ್ಲಿ ಒಂಟಿಯಾಗಿ ಮುಗಿಲಿಗೆ ನಿಲ್ಲುತ್ತದೆ, ಇದು ಆಳೆತ್ತರವೂ ಏರುವುದಿಲ್ಲ. ದೊಡ್ಡ ಮರಗಳ ಕೆಳಗೆ, ಬಿಸಿಲು ಬೀಳದ ಕತ್ತಲೆಯಲ್ಲಿ, ಹಸಿ ನೆಲದಲ್ಲಿ ಇದರ ವಾಸ. ಎಲೆ ಬಂಡಿಯ ಗಾಲಿಯಂತೆ ದುಂಡಗೆ ಬಿಚ್ಚಿಕೊಂಡು, ಅರಗಳ ಹಾಗೆ ಸೀಳಿರುತ್ತದೆ. ದೇಟಿನ ತುಂಬ ಮುಳ್ಳು. ಮರ ಕಡಿದು ಬಿಸಿಲು ಬಿಟ್ಟ ಕಡೆ ಇವು ಒಣಗಿ ಸುಟ್ಟಂತಾಗಿರುವುದನ್ನು ನೋಡಿದ್ದೇನೆ. ಇಲ್ಲಿ ಬಯಲೂ ಇಲ್ಲ, ಬಿಸಿಲೂ ಇಲ್ಲ. ಹದಿನೈದು ದಿನಗಳಿಂದ ಮಳೆ ನಿಂತಿಲ್ಲ. ಇದನ್ನು ಅತ್ತೆಗೆ ಹೇಳಬೇಡಿ, ಅವರು ಮುತ್ತುಗವೆಂದೇ ತಿಳಿದಿರಲಿ.

ಇಲ್ಲಿಯ ಜನ ಈ ಗಿಡದ ಯಾವುದನ್ನೂ ಬಿಡುವುದಿಲ್ಲ. ಬಿಚ್ಚದ ಸುಳಿ ಎಲೆ ಅನ್ನ ಕಟ್ಟಲು, ಬಲಿತ ಎಲೆ ಗುಡಿಸಲಿನ ಹೊದಿಕೆಗೆ, ಹೊಲದವರ ಟೋಪಿಗೆ. ಎಳೆ ಎಲೆಯನ್ನು ಒಣಗಿಸಿ ತಂಬಾಕು ಸುತ್ತಿ ಬೀಡಿಯಂತೆ ಸೇದುತ್ತಾರೆ. ತೆಳ್ಳಗಿನ ಕಾಂಡವನ್ನು ಹೆರೆದು, ಬೆಂಕಿಗೆ ಹಿಡಿದು ಕೈಕೋಲು ಮಾಡುತ್ತಾರೆ. ಅಂಬ್ರಪ್ಪ ಮುದುಕಿಯ ಮುಂದೆ ಕೂತು ಪೊಟ್ಟಣ ಕಟ್ಟುವುದನ್ನು ಕಲಿತಿದ್ದಾನೆ. ಮೊದಲು ಹತ್ತು ಹರಿದ. ಈಗ ಆಕೆಗಿಂತ ಚೆಂದ ಕಟ್ಟುತ್ತಾನೆ. ಅವನು ಮಡಿಸಿದ್ದೊಂದನ್ನು ಇದರೊಳಗೆ ಇಟ್ಟಿದ್ದೇನೆ. ಅನ್ನವಿಲ್ಲ, ಬರೀ ಎಲೆ.

ರಜೆಯ ಮಾತು ಈಗ ಯಾರೂ ಎತ್ತುತ್ತಿಲ್ಲ. ಅವನು ಇತ್ತೀಚೆಗೆ ಸ್ವಲ್ಪ ಸುಮ್ಮನಿರುತ್ತಾನೆ. ಏನೋ ಒಂದು ಬರೆ ಅಂದ, ನಾನು ನಕ್ಕುಬಿಟ್ಟೆ. ಅದನ್ನು ಮುಂದಿನ ಪತ್ರದಲ್ಲಿ ನೋಡೋಣ.

ಭಾಗಣ್ಣ

*

ತಿಂಥಣಿ
೧೬ ಡಿಸೆಂಬರ್ ೧೯೪೧

ತಮ್ಮ ಭಾಗಣ್ಣನಿಗೆ ಆಶೀರ್ವಾದ.

ನಿನ್ನ ಪತ್ರ ಮೊನ್ನೆ ಬಂತು. ಅದಕ್ಕೂ ಮೊದಲೇ ಸುದ್ದಿ ಬಂದಿತ್ತು. ಜಪಾನಿನವರು ಮಲಾಯಾ ದಂಡೆಗೆ ಇಳಿದರಂತೆ. ಶಹಾಪುರದಿಂದ ಬಂದ ವ್ಯಾಪಾರಿಗಳು ಹೇಳಿದ್ದು ಅವ್ವನ ಕಿವಿಗೆ ಬಿತ್ತು. ಅಂದು ನೀರಿನ ಕೊಡದ ಸಮೇತ ಹೊಸ್ತಿಲಲ್ಲಿ ಬಿದ್ದವಳು ಇನ್ನೂ ಎದ್ದಿಲ್ಲ. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ತೊದಲುತ್ತದೆ. ಎಲೆಯ ಪೊಟ್ಟಣವನ್ನು ಎಡಗೈಯಲ್ಲಿ ಹಿಡಿದು ಮಲಗಿದ್ದಾಳೆ. ಅಂಬ್ರಪ್ಪನ ಹೆಸರೊಂದೇ ಅವಳ ಉಸಿರಿಗೆ ಆಸರೆ. ಅದು ಹೋದರೆ ಇವಳೂ ಹೋಗುತ್ತಾಳೆ. ಇದನ್ನು ಅವನಿಗೆ ಹೇಳಬೇಡ.

ಇನ್ನೊಂದು ಮಾತು, ಇದಕ್ಕೆ ಉತ್ತರ ಬೇಕೇ ಬೇಕು. ವಡಗೇರಾದ ಒಂದು ಮನೆಯಿಂದ ಮರಿಲಿಂಗಮ್ಮನನ್ನು ಕೇಳಿದ್ದಾರೆ. ಒಳ್ಳೆಯ ಜನ. ರಂಗಣ್ಣ ಮಾವ ನಮ್ಮ ಮನೆಗೇ ಬಂದು, ಅವ್ವನ ಹಾಸಿಗೆಯ ಹತ್ತಿರ ಕೂತು ಹೇಳಿದ: "ಅಕ್ಕಾ, ನಾ ಮಾತು ಮುರ್ಯಾಂವಲ್ಲ. ಆದ್ರ ಯುದ್ಧ ಯಾರ ಕೈಯಾಗೂ ಇಲ್ಲ. ಹುಡುಗ ಒಂದ ಮಾತ ಹೇಳ್ಲಿ. ಕಾಯ್ಲಿ ಅಂದ್ರ ಕಾಯಸ್ತೀನಿ. ಬ್ಯಾಡ ಅಂದ್ರ ವಡಗೇರಾಕ್ಕ ಕೊಡ್ತೀನಿ. ಯುಗಾದಿ ತನಕ ನೋಡ್ತೀನಿ." ಅವ್ವ ಎಡಗೈ ಎತ್ತಿ ಬೇಡ ಬೇಡ ಎಂದಳು. ತಂದೆಯ ಸಂಗಡ ಬಂದಿದ್ದ ಮರಿಲಿಂಗಮ್ಮ ಬಾಗಿಲ ಹಿಂದೆ ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಅಂಬ್ರಪ್ಪನನ್ನು ಕೇಳು. ಅವನು ಏನು ಹೇಳುತ್ತಾನೋ ಅದನ್ನೇ ಬರೆ.

ಸಾಯಬಮ್ಮ

*

೨೪ ಜನವರಿ ೧೯೪೨

ಸಾಯಬಮ್ಮಕ್ಕನವರಿಗೆ.

ನಿಮ್ಮ ಪತ್ರ ನಿನ್ನೆ ಕೈಸೇರಿತು. ನಾವು ದಕ್ಷಿಣಕ್ಕೆ ಬಂದಿದ್ದೇವೆ. ಅಂಬ್ರಪ್ಪ ಆರಾಮ. ಕಾಲಿಗೆ ಚೂರು ಗಾಯವಾಗಿತ್ತು, ಮಾಯ್ದಿದೆ. ಇಲ್ಲೇ ನನ್ನ ಪಕ್ಕದಲ್ಲಿದ್ದಾನೆ. ಅವ್ವ ಔಷಧ ಬಿಡಬಾರದೆಂದು ಹೇಳಿದ.

ಮರಿಲಿಂಗಮ್ಮನ ವಿಷಯ ಕೇಳಿದೆ. ಕಾಯಲಿ ಅಂದ.

ಹಡಗು ಇಂದೇ ಹೊರಡುತ್ತದಂತೆ. ಹೆಚ್ಚು ಬರೆಯಲು ಸಮಯವಿಲ್ಲ.

ಭಾಗಣ್ಣ

*

ತಿಂಥಣಿ
೯ ಜುಲೈ ೧೯೪೨

ತಮ್ಮ ಭಾಗಣ್ಣನಿಗೆ, ಅಂಬ್ರಪ್ಪನಿಗೆ.

ಈ ಪತ್ರ ನಿಮಗೆ ಮುಟ್ಟುತ್ತದೋ ಇಲ್ಲವೋ. ಮುಟ್ಟುವುದಿಲ್ಲವೆಂದು ಟಪಾಲಿನವರು ಹೇಳುತ್ತಾರೆ. ಆದರೂ ಬರೆಯುತ್ತೇನೆ.

ನಿನ್ನ ಜನವರಿಯ ಪತ್ರ ಯುಗಾದಿಗೆ ಎರಡು ದಿನ ಮುಂಚೆ ಬಂತು. ಕೆಂಭಾವಿಗೆ ಹೋಗಿ ರಂಗಣ್ಣ ಮಾವನಿಗೆ ಓದಿ ಹೇಳಿದೆ. ಅಷ್ಟರಲ್ಲಿ ಸಿಂಗಾಪುರ ಬಿದ್ದ ಸುದ್ದಿ ಎಲ್ಲರಿಗೂ ಗೊತ್ತಾಗಿತ್ತು. ಅವನು ತಲೆ ಹಿಡಿದುಕೊಂಡು ಕೂತ. "ಈ ಮಾತು ಈಗ ನಡಿಯಾಂಗಿಲ್ಲ, ಸಾಯಬಮ್ಮ. ನಾ ವಡಗೇರಾಕ್ಕ ಹೂಂ ಅಂತೀನಿ" ಅಂದ. ಆಗ ಮರಿಲಿಂಗಮ್ಮ ಬಾಗಿಲ ಹಿಂದಿನಿಂದ ಈಚೆಗೆ ಬಂದಳು. "ಅಂವ ಕಾಯಿ ಅಂದಾನ. ನಾ ಕಾಯ್ತೀನಿ" ಅಂದಳು. ತಂದೆ ಕೈ ಎತ್ತಿದ. ಅವಳು ಕದಲಲಿಲ್ಲ. ಮರುದಿನ ಉಟ್ಟ ಸೀರೆಯಲ್ಲೇ ತಿಂಥಣಿಗೆ ನಡೆದು ಬಂದು ನಮ್ಮ ಮನೆಯಲ್ಲಿ ಉಳಿದಳು. ಹಿಂದೆಯೇ ಬಂದ ಮಾವ ಅವಳ ಮುಖ ನೋಡುವುದಿಲ್ಲವೆಂದು ಆಣೆ ಹಾಕಿ ಹೋದ.

ಅವ್ವನನ್ನು ಎತ್ತಿ ಕೂರಿಸುವುದು, ಮೈ ತೊಳೆಸುವುದು, ಗಂಜಿ ಕುಡಿಸುವುದು ಎಲ್ಲ ಅವಳದೇ. ಸಂಜೆ ನಾನು ಅವಳಿಗೆ ಅಕ್ಷರ ಕಲಿಸುತ್ತಿದ್ದೇನೆ. ಪುಸ್ತಕವೆಲ್ಲಿದೆ? ನಿನ್ನ ಪತ್ರಗಳನ್ನೇ ಓದಿಸುತ್ತೇನೆ. ಪಲಾಸಿನ ವಿಷಯ ಅವಳಿಗೆ ಬಾಯಿಪಾಠವಾಗಿದೆ. ತಾಳೆಯ ಸುಳಿ ತರಿಸಿ ಮೂರು ಮೂಲೆಯ ಪೊಟ್ಟಣ ಕಟ್ಟಲು ನೋಡಿದಳು. ನಮ್ಮ ತಾಳೆಗರಿ ಗಡಸು, ಮಡಿಸಿದಲ್ಲಿ ಮುರಿಯುತ್ತದೆ.

ಸರ್ಕಾರದಿಂದ ಉರ್ದುವಿನಲ್ಲಿ ಒಂದು ಕಾಗದ ಬಂದಿತ್ತು. ಅದರ ಮಾತು ಈಗ ಬೇಡ.

ಸಾಯಬಮ್ಮ

*

೧೧ ಜೂನ್ ೧೯೪೩
ಯುದ್ಧಕೈದಿಗಳ ಕಾರ್ಡು

ಕೈದಿನಲ್ಲಿದ್ದೇನೆ. ಆರೋಗ್ಯವಿದೆ. ಅಂಬ್ರಪ್ಪ ಕ್ಷೇಮ. ಲಾಲಮ್ಮತ್ತೆಗೆ ನಮಸ್ಕಾರ. ಚಿಂತೆ ಬೇಡ.
ಭಾಗಣ್ಣ

*

ತಿಂಥಣಿ
೧೦ ನವೆಂಬರ್ ೧೯೪೫

ಭಾಗಣ್ಣನಿಗೆ.

ನೀನು ಬದುಕಿದ್ದೀಯ, ಮದರಾಸಿನ ದವಾಖಾನೆಯಲ್ಲಿದ್ದೀಯ ಎಂದು ನಿನ್ನ ಅಣ್ಣನಿಗೆ ಸರ್ಕಾರದ ಕಾಗದ ಬಂತು. ವಿಳಾಸ ಅವನಿಂದಲೇ ಪಡೆದೆ. ಬಂದು ಒಂದು ತಿಂಗಳಾಯಿತಂತೆ. ನನಗೆ ಒಂದು ಸಾಲನ್ನೂ ಬರೆದಿಲ್ಲ.

ನಿನ್ನ ಕಾರ್ಡು ಇಂಗ್ಲಿಷಿನಲ್ಲಿತ್ತು, ಹದಿನಾಲ್ಕು ತಿಂಗಳು ತಿರುಗಿ ಬಂದಿತ್ತು. ಸುರಪುರದ ಟಪಾಲು ಮುನ್ಷಿ ಓದಿ ಹೇಳಿದರು. ಅದನ್ನು ಕೇಳಿದ ಮೂರನೆಯ ತಿಂಗಳು ಅವ್ವ ತೀರಿಕೊಂಡಳು. ಮಗ ಕ್ಷೇಮವೆಂದು ತಿಳಿದೇ ಕಣ್ಣು ಮುಚ್ಚಿದಳು. ಮುತ್ತುಗದ ಗಿಡಗಳ ಬಯಲಿನಲ್ಲಿ ಅವನು ಇದ್ದಾನೆ ಎಂಬ ತಿಳುವಳಿಕೆಯಲ್ಲೇ ಹೋದಳು.

ವಡಗೇರಾದ ಮನೆಗೆ ರಂಗಣ್ಣ ಮಾವ ಕಿರಿಯ ಮಗಳನ್ನು ಕೊಟ್ಟ. ಅವಳಿಗೆ ಈಗ ಎರಡು ಕೂಸು. ಮರಿಲಿಂಗಮ್ಮನಿಗೆ ಇಪ್ಪತ್ತೊಂದು. ನೀರಿಗೆ ಹೋದಲ್ಲಿ ಹೆಂಗಸರು "ಲಗ್ನ ಇಲ್ಲದ ಸೊಸಿ" ಅನ್ನುತ್ತಾರೆ. ಅವಳು ಕೇಳಿಸಿಕೊಳ್ಳದವಳಂತೆ ಕೊಡ ತುಂಬಿಸಿಕೊಂಡು ಬರುತ್ತಾಳೆ.

ಬಿಡುಗಡೆಯಾದವರ ಪಟ್ಟಿಯಲ್ಲಿ ಅಂಬ್ರಪ್ಪನ ಹೆಸರಿಲ್ಲ. ಸತ್ತವರ ಪಟ್ಟಿಯಲ್ಲೂ ಇಲ್ಲವಂತೆ. ಅವನು ಎಲ್ಲಿ? ನಲವತ್ತೆರಡರಲ್ಲಿ ನಾನು ಬರೆದ ಪತ್ರ ವಾಪಸು ಬಂದಿತ್ತು. ಅದನ್ನೂ ಇದರೊಳಗೆ ಇಟ್ಟಿದ್ದೇನೆ, ಓದು. ಓದಿ ಉತ್ತರ ಬರೆ.

ಸಾಯಬಮ್ಮ

*

ಮದರಾಸು, ಸೈನಿಕ ದವಾಖಾನೆ
೨ ಡಿಸೆಂಬರ್ ೧೯೪೫

ಸಾಯಬಮ್ಮಕ್ಕನವರಿಗೆ.

ಎರಡು ಪತ್ರಗಳನ್ನೂ ಓದಿದೆ. ಹತ್ತು ದಿನ ಪೆನ್ಸಿಲ್ ಹಿಡಿದು ಕೂತು ಎದ್ದೆ. ಕಾಲಿನ ಹುಣ್ಣು ಮಾಯ್ದಿಲ್ಲ, ಊರಿಗೆ ಬರುವಷ್ಟು ನಡೆಯಲಾರೆ.

ಅಂಬ್ರಪ್ಪ ಇಲ್ಲ. ಅವನು ೧೯೪೧ರ ಡಿಸೆಂಬರ್ ೨೪ರಂದು ತೀರಿಹೋದ. ನಾನು ಜನವರಿಯಲ್ಲಿ "ಪಕ್ಕದಲ್ಲಿದ್ದಾನೆ" ಎಂದು ಬರೆದಾಗ ಅವನು ಸತ್ತು ಒಂದು ತಿಂಗಳಾಗಿತ್ತು.

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಹಿಂದಕ್ಕೆ ಸರಿಯಬೇಕೆಂದು ಹುಕುಂ ಬಂತು. ಕಾಡಿನಲ್ಲಿ ನಾವು ಹನ್ನೊಂದು ಜನ ಉಳಿದವರಿಂದ ಬೇರೆಯಾದೆವು. ಒಂದು ಹೊಳೆ ತುಂಬಿ ಹರಿಯುತ್ತಿತ್ತು. ಈಜು ಬರುವವನು ಅಂಬ್ರಪ್ಪ ಒಬ್ಬನೇ. ಬಿದಿರು ಕಟ್ಟಿ ತೆಪ್ಪ ಮಾಡಿ, ಮೂರು ಸಲ ಹೋಗಿ ಬಂದು ಎಲ್ಲರನ್ನೂ ದಾಟಿಸಿದ. "ನಮ್ಮ ಕೃಷ್ಣಾ ಮುಂದ ಇದೇನ ಹೊಳಿ, ಕಾಲವಿ" ಅಂದ. ಕೊನೆಯ ಸಲ ನನ್ನನ್ನು ಕೂರಿಸಿಕೊಂಡು ಬರುವಾಗ ಮೇಲೆ ವಿಮಾನ ಬಂದು ಬಾಂಬು ಹಾಕಿತು. ದಂಡೆಗೆ ಹತ್ತಿದ ಮೇಲೆ ನೋಡಿದರೆ ಅವನ ತೊಡೆಯಿಂದ ರಕ್ತ ಹರಿಯುತ್ತಿತ್ತು. ಸೊಂಟದ ಮೇಲೂ ಒಂದು ಚೂರು ಹೊಕ್ಕಿತ್ತು.

ಹೊತ್ತು ನಡೆದೆವು. ಎರಡನೆಯ ದಿನ ಉಳಿದವರು ನಿಲ್ಲುವಂತಿರಲಿಲ್ಲ, ಮುಂದೆ ಹೋದರು. ನಾನು ಉಳಿದೆ. ಪಲಾಸ್ ಹಿಂಡಾಗಿ ಬೆಳೆದ ಜಾಗ ಅದು. ಅದರ ಅಡಿಯಲ್ಲಿ ಮಲಗಿಸಿದೆ. ಎಲೆಗಳನ್ನು ಕಡಿದು ಮೇಲೆ ಹೊದಿಸಿದೆ, ಕೆಳಗೆ ಹಾಸಿದೆ. ಮುಳ್ಳಿನ ದೇಟಿನಿಂದ ನನ್ನ ಕೈಯೆಲ್ಲ ಸೀಳಿತು. ಒಂದು ಎಲೆಯನ್ನು ಮಡಿಸಿ ಮಳೆಯ ನೀರು ಹಿಡಿದು ಕುಡಿಸಿದೆ. ನಾನು ಮಡಿಸಿದ್ದು ಸೋರುತ್ತಿತ್ತು. ಅವನೇ ಮಲಗಿದಲ್ಲಿಂದ ಕೈ ಚಾಚಿ ಸರಿಯಾಗಿ ಮಡಿಸಿಕೊಟ್ಟ. ಎರಡು ದಿನ ಹಾಗೆ ಇದ್ದ. ಕೊನೆಯ ದಿನ ಹೆಚ್ಚು ಮಾತಾಡಲಿಲ್ಲ. ಮಧ್ಯಾಹ್ನದ ಹೊತ್ತು ಹೋದ. ಬಂದೂಕಿನ ಸಂಗೀನಿನಿಂದ ನೆಲ ಕೆದರಿ, ಅದೇ ಎಲೆಗಳಲ್ಲಿ ಸುತ್ತಿ ಮಣ್ಣು ಮಾಡಿದೆ. ಆಳವಾಗಿ ಅಗೆಯಲು ನನ್ನಿಂದಾಗಲಿಲ್ಲ, ಬೇರುಗಳಿದ್ದವು.

ಹಿಂದೆ ಸರಿಯುತ್ತಿದ್ದ ಬೇರೊಂದು ಪಲ್ಟನ್ನು ಕೂಡಿಕೊಂಡೆ, ಆ ಗದ್ದಲದಲ್ಲಿ ಅವನ ಸಾವನ್ನು ಯಾರೂ ಬರೆದುಕೊಳ್ಳಲಿಲ್ಲ. ನಿಮ್ಮ ಪತ್ರ ಸಿಕ್ಕಾಗ ಸಿಂಗಾಪುರದಲ್ಲಿದ್ದೆ. "ಅದು ಹೋದರೆ ಇವಳೂ ಹೋಗುತ್ತಾಳೆ" ಎಂದು ಬರೆದಿದ್ದಿರಿ. ಸ್ಟೇಷನ್ನಿನಲ್ಲಿ ನನ್ನ ಕೈ ಹಿಡಿದ ಕೈ ಅದು. ಬದುಕಿದ್ದಾನೆ ಎಂದು ಬರೆದೆ. ಬದುಕಿದ್ದಾನೆ ಎಂದ ಮೇಲೆ ಮರಿಲಿಂಗಮ್ಮನ ಬಗ್ಗೆ ಏನಾದರೂ ಹೇಳಲೇಬೇಕಿತ್ತು. ಬೇಡ ಅಂದ ಎಂದು ಬರೆದರೆ ಅತ್ತೆಗೆ ಅನುಮಾನ ಬರುತ್ತದೆ ಎಂದುಕೊಂಡೆ. ನಾವೂ ಎರಡು ಮೂರು ವಾರದಲ್ಲಿ ಸಾಯುತ್ತೇವೆ, ಯಾವುದೂ ಉಳಿಯುವುದಿಲ್ಲ ಎಂದೂ ಅನ್ನಿಸಿತ್ತು. ಕಾಯಲಿ ಅಂದ ಎಂದು ಬರೆದೆ. ನಾನು ಬದುಕಿ ಉಳಿದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನವೆಂಬರಿನಲ್ಲಿ ಅವನು ಏನೋ ಬರೆ ಅಂದ, ನಾನು ನಕ್ಕೆ ಎಂದು ಬರೆದಿದ್ದೆನಲ್ಲ, ಅವನು ಹೇಳಿದ್ದು ಇದು: "ಮಾವಗ ಬರಿ. ಮರಿಲಿಂಗಿನ್ನ ಬ್ಯಾರೆ ಕಡಿ ಕೊಡ್ರಿ ಅಂತ ಬರಿ. ಇಲ್ಲಿಂದ ನಾ ಹೊಳ್ಳಿ ಬರೂದು ಯಾರಿಗೂ ಗೊತ್ತಿಲ್ಲ. ಆಕಿ ನನ್ನ ದಾರಿ ಕಾಯೂದು ಬ್ಯಾಡ." ನಾನು "ಹುಚ್ಚ ಅದಿಯೇನು, ಲಗ್ನಕ್ಕ ಹೆದರಿದೇನು" ಎಂದು ನಕ್ಕೆ. ಅವನು ನಗಲಿಲ್ಲ. "ಬರಿ ಅಂದೆ, ಬರಿ" ಅಂದ. ನಾನು ಬರೆಯಲಿಲ್ಲ.

ಕಾರ್ಡಿನಲ್ಲಿ ಮತ್ತೆ ಅದೇ ಸುಳ್ಳು ಬರೆದೆ. ಒಮ್ಮೆ ಬರೆದದ್ದನ್ನು ಅಳಿಸುವ ಧೈರ್ಯವಿರಲಿಲ್ಲ. ಮರಿಲಿಂಗಮ್ಮ ಎಂದೋ ವಡಗೇರಾದಲ್ಲಿ ಸಂಸಾರ ಮಾಡುತ್ತಿರಬೇಕು ಎಂದುಕೊಂಡೇ ಕೈದಿನಲ್ಲಿ ದಿನ ತೆಗೆದೆ. ನಿಮ್ಮ ಪತ್ರ ಓದುವವರೆಗೂ ಹಾಗೆಯೇ ತಿಳಿದಿದ್ದೆ.

ಭಾಗಣ್ಣ

*

ತಿಂಥಣಿ
೬ ಜನವರಿ ೧೯೪೬

ಭಾಗಣ್ಣನಿಗೆ.

ನಿನ್ನ ಪತ್ರ ಬಂದಾಗ ಮೊದಲ ನಾಲ್ಕು ದಿನ ನಿನ್ನನ್ನು ಶಪಿಸಿದೆ. ನನ್ನ ಮನೆಯವರು ಕಲಿಸಿದ ಅಕ್ಷರದಿಂದ ನನ್ನ ಮನೆಯನ್ನೇ ಸುಟ್ಟೆ ಎಂದೆ. ಐದನೆಯ ದಿನ ಶಾಪ ಹೊರಡಲಿಲ್ಲ. ಯಾಕೆಂದು ಹೇಳುತ್ತೇನೆ.

ನಲವತ್ತೆರಡರ ಮೇ ತಿಂಗಳಲ್ಲಿ ಸರ್ಕಾರದಿಂದ ಆ ಉರ್ದು ಕಾಗದ ಬಂದಿತ್ತಲ್ಲ. ಶರೀಫಾಬೀ ಓದಿದಳು. "ಅಂಬ್ರಪ್ಪ, ಲಾಪತಾ" ಎಂದಿತ್ತು. ಯಾವಾಗಿನಿಂದ ಎಂದು ಕೇಳಿದೆ. "ಇಪ್ಪತ್ತೆರಡು ಡಿಸೆಂಬರಿನಿಂದ ಪತ್ತೆ ಇಲ್ಲ ಅಂತ ಬರದಾರ ನೋಡ್ರಿ" ಅಂದಳು. ನಿನ್ನ ಪತ್ರದ ಮೇಲೆ ಜನವರಿ ಇಪ್ಪತ್ತನಾಲ್ಕು ಎಂದಿತ್ತು. ಎರಡು ತಾರೀಖನ್ನೂ ನಾನು ಜೋಡಿಸಿ ನೋಡಬಲ್ಲೆ. ನನಗೆ ಅಂದೇ ತಿಳಿಯಿತು ಎನ್ನಲಾರೆ. ತಿಳಿಯದಂತೆ ನೋಡಿಕೊಂಡೆ. ಸರ್ಕಾರದವರು ಕೂತಲ್ಲಿ ಬರೆಯುತ್ತಾರೆ, ಭಾಗಣ್ಣ ಪಕ್ಕದಲ್ಲಿದ್ದು ಬರೆದಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಶರೀಫಾಬೀ "ಹುಡುಗಿಗಿ ಹೇಳ್ರಿ, ಆಕಿ ಆಯುಷ್ಯ ಅದು" ಅಂದಳು. ನಾನು ಅವಳ ಬಾಯಿಗೂ ಆಣೆ ಹಾಕಿದೆ.

ಅವ್ವನ ಸಲುವಾಗಿ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಅದು ಅರ್ಧ ನಿಜ. ಮರಿಲಿಂಗಮ್ಮ ಹೋದರೆ ಅವ್ವನನ್ನು ನಾನೊಬ್ಬಳೇ ಎತ್ತಬೇಕಿತ್ತು. ನನ್ನಿಂದ ಆಗುತ್ತಿರಲಿಲ್ಲ. ಆ ಹುಡುಗಿಯ ಕೈಗಳು ನನಗೆ ಬೇಕಿದ್ದವು. ಅವಳ ಮನಸ್ಸು ಕುಂದಿದ ದಿನ ನಾನೇ ನಿನ್ನ ಪತ್ರ ತೆಗೆದು "ಓದು, ಕಾಯಲಿ ಅಂದಾನ ನೋಡು" ಎಂದು ಆ ಸಾಲಿನ ಮೇಲೆ ಬೆರಳಿಡುತ್ತಿದ್ದೆ. ಆ ಸಾಲಿನಲ್ಲೇ ಅವಳು ಓದು ಕಲಿತದ್ದು.

ನಿನ್ನ ಪತ್ರವನ್ನೂ ಸರ್ಕಾರದ ಕಾಗದವನ್ನೂ ಅವಳ ಮುಂದೆ ಇಟ್ಟೆ. ಕನ್ನಡದ್ದನ್ನು ತಾನೇ ಓದಿಕೊಂಡಳು. ಉರ್ದುವಿನದನ್ನು ನಾನು ಹೇಳಿದೆ. ಅಳಲಿಲ್ಲ. "ತಾರೀಖ ಯಾವುದು?" ಎಂದು ಕೇಳಿದಳು. ಹೇಳಿದೆ. ಎದ್ದು ಹೋಗಿ ದನಕ್ಕೆ ನೀರಿಟ್ಟಳು. ಅಂದಿನಿಂದ ನನ್ನ ಸಂಗಡ ಬೇಕಾದಷ್ಟೇ ಮಾತು. ಅವಳೂ ಒಂದು ಪತ್ರ ಬರೆದಿದ್ದಾಳೆ. ನಾನು ತಿದ್ದಿಲ್ಲ, ನನಗೆ ತೋರಿಸಲೂ ಇಲ್ಲ. ಲಕೋಟೆಗೆ ಹಾಕಿ ಕೊಟ್ಟಳು.

ಸಾಯಬಮ್ಮ

*

ತಿಂಥಣಿ
೬ ಜನವರಿ ೧೯೪೬

ಭಾಗಣ್ಣ ಅವರಿಗೆ ಮರಿಲಿಂಗಮ್ಮ ಬರೆಯುವುದು.

ನಾನು ಬರೆಯುವ ಮೊದಲ ಪತ್ರ ಇದು. ತಪ್ಪಿದ್ದರೆ ಇರಲಿ.

ನೀವು ಅವನನ್ನು ಬಿಟ್ಟು ಹೋಗದೆ ಎರಡು ದಿನ ಕೂತಿರಿ. ಅದಕ್ಕೆ ನಿಮಗೆ ಒಳ್ಳೆಯದಾಗಲಿ.

ಅವನು ನವೆಂಬರಿನಲ್ಲಿ ಹೇಳಿದ್ದನ್ನು ನೀವು ಬರೆದಿದ್ದರೆ ನಾನು ವಡಗೇರಾಕ್ಕೆ ಹೋಗುತ್ತಿದ್ದೆನೋ, ಆಗಲೂ ಕಾಯುತ್ತಿದ್ದೆನೋ ನನಗೆ ಗೊತ್ತಿಲ್ಲ. ಅದನ್ನು ನಾನು ಯೋಚನೆ ಮಾಡಬೇಕಿತ್ತು. ಯೋಚನೆ ಮಾಡುವುದನ್ನು ನೀವು ಮತ್ತು ಅಕ್ಕ ಇಬ್ಬರೂ ಮಾಡಿ ಮುಗಿಸಿದ್ದಿರಿ. ಅತ್ತೆಯ ಸೇವೆ ಮಾಡಿದ್ದಕ್ಕೆ ನನಗೆ ಬೇಸರವಿಲ್ಲ. ಸುಳ್ಳು ಹೇಳದೆ ಕೇಳಿದ್ದರೂ ಮಾಡುತ್ತಿದ್ದೆ.

ನನ್ನ ಅಪ್ಪ ನಾಲ್ಕು ವರ್ಷದಿಂದ ನನ್ನ ಮುಖ ನೋಡಿಲ್ಲ. ಸತ್ತವನ ಹಟ ಹಿಡಿದು ಮನೆತನದ ಮಾನ ಕಳೆದಳು ಅನ್ನುತ್ತಾನೆ. ಅವನಿಗೆ ಇದು ಗೊತ್ತಾಗಬೇಕು. ಪತ್ರದಲ್ಲಿ ಬೇಡ. ನಿಮ್ಮ ಪತ್ರವನ್ನು ಅವನು ಇನ್ನೊಬ್ಬರಿಂದ ಓದಿಸಬೇಕು, ಓದುವವರು ಏನು ಓದುತ್ತಾರೋ. ಕಾಲು ಬಂದ ಮೇಲೆ ಕೆಂಭಾವಿಗೆ ಬನ್ನಿರಿ. ಅವನ ಎದುರು ನಿಂತು ನಿಮ್ಮ ಬಾಯಿಂದ ಹೇಳಿರಿ. ನಾನೂ ಅಲ್ಲಿರುತ್ತೇನೆ.

ಮರಿಲಿಂಗಮ್ಮ

*

ಕೆಂಭಾವಿ
೧೭ ಮಾರ್ಚ್ ೧೯೪೬

ಸಾಯಬಮ್ಮಕ್ಕನವರಿಗೆ.

ನೀವು ಬರುತ್ತೀರೆಂದು ದಾರಿ ನೋಡಿದೆ. ನೀವು ಬರಲಿಲ್ಲ. ಯಾಕೆ ಬರಲಿಲ್ಲವೆಂದು ನನಗೆ ಗೊತ್ತು. ನಾನೂ ಯಾದಗಿರಿಯಲ್ಲಿ ರೈಲು ಇಳಿದು ಎರಡು ದಿನ ಧರ್ಮಶಾಲೆಯಲ್ಲೇ ಕೂತಿದ್ದೆ.

ರಂಗಣ್ಣ ಮಾವ ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದರು. ಓಣಿಯ ಇಬ್ಬರು ಹಿರಿಯರನ್ನೂ ಕರೆಸಿದ್ದರು. ಮರಿಲಿಂಗಮ್ಮ ಒಂದು ಗಂಟು ಹಿಡಿದು ಬೇವಿನ ಗಿಡದ ಕೆಳಗೆ ನಿಂತಿದ್ದಳು. ನಾನು ನಿಂತೇ ಹೇಳಿದೆ. ಎಲ್ಲವನ್ನೂ ಹೇಳಿದೆ. ಅಂಬ್ರಪ್ಪ ಬರೆ ಅಂದದ್ದು, ನಾನು ನಕ್ಕದ್ದು, ಅವನು ಸತ್ತದ್ದು, ಆಮೇಲೆ ನಾನು ಬರೆದದ್ದು. ನೀವು ಬಚ್ಚಿಟ್ಟ ಸರ್ಕಾರದ ಕಾಗದದ ಮಾತು ಮಾತ್ರ ಹೇಳಲಿಲ್ಲ. ಅದನ್ನು ಮರಿಲಿಂಗಮ್ಮ ತಾನೇ ಹೇಳಿದಳು.

ಮಾವ ಬಲೆಯನ್ನು ಪಕ್ಕಕ್ಕಿಟ್ಟರು. ಆಮೇಲೆ ಮಗಳ ಕಡೆ ತಿರುಗಿ "ಹಾಂಗಾದ್ರ ನೀ ಸುಳ್ಳ ಹಟ ಹಿಡಿದಿದ್ದಿಲ್ಲ" ಅಂದರು. "ಮನಿಗಿ ಬಾ ಅವ್ವಾ. ನಾಲ್ಕ ವರ್ಷ ನಾ ನಿನ್ನ ಮಾರಿ ನೋಡಿಲ್ಲ."

ಅವಳು ಹೋಗಿ ತಂದೆಯ ಕಾಲು ಮುಟ್ಟಿದಳು. ಆದರೆ ಗಂಟನ್ನು ಕೆಳಗಿಡಲಿಲ್ಲ.

ಆಗ ಹಿರಿಯರಲ್ಲಿ ಒಬ್ಬರು "ಆಗಿದ್ದು ಆಗಿ ಹೋತು. ತಪ್ಪು ಮಾಡಿದಾಂವ ಇಂವ. ಇಂವಗೂ ಹೆಂಡ್ತಿ ಇಲ್ಲ. ಇಂವನ ಆಕಿ ಕೈ ಹಿಡೀಲಿ, ತಪ್ಪು ತಿದ್ದಿದಂಗ ಆಗ್ತದ" ಅಂದರು. ನಾನು ತಲೆ ತಗ್ಗಿಸಿದೆ. ಅವಳು ಹೂಂ ಅಂದಿದ್ದರೆ ನಾನೂ ಹೂಂ ಅನ್ನುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಮರಿಲಿಂಗಮ್ಮ "ಬ್ಯಾಡ್ರಿ" ಅಂದಳು. "ಮತ್ತೊಬ್ಬರು ನನ್ನ ಸಲುವಾಗಿ ಮಾತ ಕೊಡೂದು ಸಾಕ್ರಿ. ಯಾದಗಿರ್ಯಾಗ ಹತ್ತಿ ಕಾರಖಾನಿಗಿ ಹೆಣಮಕ್ಕಳ್ನ ತಗೊಳ್ಳಾಕತ್ತಾರ. ಶರೀಫಾಬೀ ಅಕ್ಕನ ತಂಗಿ ಮನಿಯಾಗ ಇರ್ತೀನಿ. ಅಪ್ಪಾ, ಹಬ್ಬಕ್ಕ ಬರ್ತೀನಿ." ಮಾವ ಅಂಗಳದ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

ಬಸ್ಸು ನಿಲ್ಲುವ ಕಡೆಗೆ ಅವಳು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಗಂಟು ಹೊರುತ್ತೇನೆಂದು ಕೇಳಿದೆ, ಕೊಡಲಿಲ್ಲ. ಶಹಾಪುರದ ಮೇಲೆ ಯಾದಗಿರಿಗೆ ಹೋಗುವ ಬಸ್ಸು ಬಂದು ನಿಂತಿತು. ಜನ ಹತ್ತುತ್ತಿದ್ದರು. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನಿಂತಳು.

"ಅಂವ ಸಾಯೂ ಮುಂದ ನನ್ನ ಹೆಸರ ತಗೊಂಡನೇನ್ರಿ?"

ಅಕ್ಕಾ, ಹೌದು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಯಾರಿಗೆ ಏನು ಕೆಡುತ್ತಿತ್ತು? ಇನ್ನು ಯಾವ ಲಗ್ನವೂ ಇಲ್ಲ, ಯಾವ ಮುದುಕಿಯೂ ಇಲ್ಲ. ಹೌದು ಅಂದರೆ ಆ ಬಸ್ಸಿನಲ್ಲಿ ಅವಳ ಸಂಗಡ ಏನಾದರೂ ಹೋಗುತ್ತಿತ್ತು.

"ಇಲ್ಲ. ನೀರು ಕೇಳಿದ. ಬ್ಯಾರೆ ಏನೂ ಅನ್ನಲಿಲ್ಲ" ಅಂದೆ.

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. "ಹೂಂ" ಅಂದಳು. ಬಸ್ಸು ಹತ್ತಿ ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತಳು.

ಭಾಗಣ್ಣ